ನಿನ್ನೆ ಹೇಗಿದ್ದರು?

1901ರ ನವೆಂಬರ್ 25ರಂದು ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಮಾನಸಿಕ ಆಸ್ಪತ್ರೆಗೆ ರೈಲ್ವೆ ಗುಮಾಸ್ತರೊಬ್ಬರ ಹೆಂಡತಿಯನ್ನು ತಂದು ಸೇರಿಸಿದರು. ಆಕೆಗೆ 51 ವರ್ಷ. ಮಾರನೆಯ ದಿನ ಅಲ್ಲಿನ ವೈದ್ಯ ಅಲೋಯಿಸ್ ಆಲ್ಝೈಮರ್ ಆಕೆಯ ಎದುರು ಕುಳಿತು ಪ್ರಶ್ನೆ ಕೇಳತೊಡಗಿದರು. ಬಂದ ಉತ್ತರಗಳನ್ನು ಬಂದ ಹಾಗೆಯೇ ಬರೆದುಕೊಂಡರು. ಹೆಸರೇನು? ಆಗುಸ್ಟ. ಮನೆತನದ ಹೆಸರು? ಆಗುಸ್ಟ. ಗಂಡನ ಹೆಸರು? ಆಗುಸ್ಟ ಇರಬೇಕು. ಮಧ್ಯಾಹ್ನ ಊಟಕ್ಕೆ ಹೂಕೋಸು, ಹಂದಿಮಾಂಸ ಕೊಟ್ಟಿದ್ದರು. ಏನು ತಿನ್ನುತ್ತಿದ್ದೀರಿ ಎಂದು ಕೇಳಿದರೆ ಪಾಲಕ್ ಎಂದರು.

ಆಗುಸ್ಟ ಡೇಟರ್ 1906ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಅದೇ ವರ್ಷದ ನವೆಂಬರ್‌ನಲ್ಲಿ ಆಲ್ಝೈಮರ್ ಆಕೆಯ ಮೆದುಳಿನಲ್ಲಿ ತಾವು ಕಂಡದ್ದನ್ನು ಟ್ಯೂಬಿಂಗೆನ್‌ನ ವೈದ್ಯರ ಸಭೆಯಲ್ಲಿ ವಿವರಿಸಿದರು. 1910ರಲ್ಲಿ ಎಮಿಲ್ ಕ್ರೇಪೆಲಿನ್ ತಮ್ಮ ಪಠ್ಯಪುಸ್ತಕದಲ್ಲಿ ಈ ಕಾಯಿಲೆಗೆ ಆಲ್ಝೈಮರ್ ಹೆಸರನ್ನಿಟ್ಟರು. ಪ್ರಶ್ನೋತ್ತರದ ಆ ಕಡತ ಮಾತ್ರ ಆಸ್ಪತ್ರೆಯ ದಾಖಲೆಗಳ ನಡುವೆ ಎಲ್ಲೋ ಸೇರಿಹೋಗಿ, 1990ರ ದಶಕದಲ್ಲಿ ಮತ್ತೆ ಕೈಗೆ ಸಿಕ್ಕಿತು.

ಇಂದು ಆಂಬುಲೆನ್ಸ್ ಸಿಬ್ಬಂದಿ ಒಂದು ಮನೆಯೊಳಗೆ ಕಾಲಿಟ್ಟೊಡನೆ ಕೇಳುವ ಮೊದಲ ಪ್ರಶ್ನೆಗಳೂ ಹೆಚ್ಚುಕಡಿಮೆ ಇಂಥವೇ. ಹೆಸರೇನು, ಈಗ ಎಲ್ಲಿದ್ದೀರಿ, ಇವತ್ತು ಯಾವ ದಿನ, ಏನಾಯಿತು? ತಲೆಗೆ ಪೆಟ್ಟು ಬಿದ್ದಿದೆಯೇ, ರಕ್ತದಲ್ಲಿ ಸಕ್ಕರೆ ಇಳಿದಿದೆಯೇ, ಮೆದುಳಿಗೆ ರಕ್ತ ಸರಿಯಾಗಿ ಹೋಗುತ್ತಿದೆಯೇ ಎಂಬುದರ ಮೊದಲ ಸುಳಿವು ಈ ಉತ್ತರಗಳಲ್ಲಿ ಸಿಗುತ್ತದೆ. ಡಿಮೆನ್ಶಿಯಾ, ಅಂದರೆ ಮರೆಗುಳಿತನದ ಕಾಯಿಲೆ ಇರುವವರ ಮನೆಯಲ್ಲಿ ಈ ಸುಳಿವು ಕೈಕೊಡುತ್ತದೆ. ಅಲ್ಲಿ ಉತ್ತರ ತಪ್ಪಾಗಿರುವುದು ಇವತ್ತಿನ ಸುದ್ದಿಯಲ್ಲ, ಹೋದ ತಿಂಗಳೂ ತಪ್ಪೇ ಇತ್ತು. ಹಾಗಾದರೆ ಬಂದವರು ಏನು ಕೇಳಬೇಕು, ಯಾರನ್ನು ಕೇಳಬೇಕು, ಎಷ್ಟು ಹೊತ್ತು ಕಾಯಬೇಕು? ಬ್ರಿಟನ್ನಿನಲ್ಲಿ ಪ್ಯಾರಾಮೆಡಿಕ್ ವಿದ್ಯಾರ್ಥಿಗಳಿಗೆ ಇದನ್ನು ಕಲಿಸಲು ಹೊರಟಾಗ, ಅರ್ಧ ಶತಮಾನದಲ್ಲಿ ಆಂಬುಲೆನ್ಸ್ ಕಲಿತ ಮುಖ್ಯ ಪಾಠವನ್ನೇ ಸ್ವಲ್ಪ ತಿದ್ದಿಕೊಳ್ಳಬೇಕಾಯಿತು.

ಗಡಿಯಾರದ ಮೇಲೆ ಓಡುವ ಗಾಡಿ

1960ರ ದಶಕದವರೆಗೆ ಬ್ರಿಟನ್ನಿನ ಆಂಬುಲೆನ್ಸ್ ಎಂದರೆ ಮುಖ್ಯವಾಗಿ ಸಾಗಣೆಯ ಗಾಡಿ. ಗಾಡಿಯಲ್ಲಿ ಇರುತ್ತಿದ್ದವರಿಗೆ ಪ್ರಥಮ ಚಿಕಿತ್ಸೆ ಗೊತ್ತಿತ್ತು, ಸ್ಟ್ರೆಚರ್ ಎತ್ತುವುದು ಗೊತ್ತಿತ್ತು. ಚಿಕಿತ್ಸೆ ಶುರುವಾಗುತ್ತಿದ್ದದ್ದು ಆಸ್ಪತ್ರೆಯ ಬಾಗಿಲಲ್ಲಿ. ಈ ಪದ್ಧತಿಯನ್ನು ಅಲುಗಾಡಿಸಿದ್ದು ಹೃದಯಾಘಾತ. ಹೃದಯ ನಿಂತ ಮನುಷ್ಯನಿಗೆ ಆಸ್ಪತ್ರೆ ತಲುಪುವಷ್ಟು ಸಮಯ ಇರುವುದಿಲ್ಲ. ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿ ಫ್ರಾಂಕ್ ಪ್ಯಾಂಟ್ರಿಜ್ ಎಂಬ ಹೃದ್ರೋಗ ತಜ್ಞರು ಕಾರಿನ ಬ್ಯಾಟರಿಗಳಿಂದ ನಡೆಯುವ, ಸುಮಾರು 70 ಕಿಲೋ ತೂಕದ ಡಿಫಿಬ್ರಿಲೇಟರ್ ಮಾಡಿಸಿದರು. 1966ರಿಂದ ಅದನ್ನು ವೈದ್ಯರ ಸಮೇತ ಗಾಡಿಯಲ್ಲಿ ರೋಗಿಯ ಮನೆಗೆ ಕಳಿಸತೊಡಗಿದರು.

ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಬ್ರೈಟನ್ ಊರಿನಲ್ಲಿ ಡಗ್ಲಸ್ ಚೇಂಬರ್ಲಿನ್ ಇದನ್ನು ಇನ್ನೊಂದು ಹೆಜ್ಜೆ ಮುಂದೆ ತಂದರು. ಪ್ರತಿ ಗಾಡಿಗೂ ಒಬ್ಬ ವೈದ್ಯರನ್ನು ಕೂರಿಸಲು ಎಲ್ಲಿಂದ ತರುವುದು? 1970ರ ದಶಕದ ಆರಂಭದಲ್ಲಿ ಅವರು ಆಂಬುಲೆನ್ಸ್ ನೌಕರರಿಗೇ ಇಸಿಜಿ ಓದುವುದನ್ನು, ಡಿಫಿಬ್ರಿಲೇಟರ್ ಬಳಸುವುದನ್ನು ಕಲಿಸಿದರು. ವೈದ್ಯರಲ್ಲದವರ ಕೈಗೆ ಇಂಥ ಉಪಕರಣ ಕೊಡುವುದೇ ಎಂದು ಹುಬ್ಬೇರಿಸಿದವರು ಇದ್ದರು. ಆದರೆ ನೌಕರರು ಕಲಿತರು, ಜನ ಬದುಕಿದರು. ಯುರೋಪಿನ ಪ್ಯಾರಾಮೆಡಿಕ್ ಕಸುಬಿನ ಬೇರುಗಳಲ್ಲಿ ಬ್ರೈಟನ್ನಿನ ಈ ಪ್ರಯೋಗ ಮುಖ್ಯವಾದದ್ದು. 2000ದ ಹೊತ್ತಿಗೆ ಪ್ಯಾರಾಮೆಡಿಕ್ ಎನ್ನುವುದು ಬ್ರಿಟನ್ನಿನಲ್ಲಿ ಸರ್ಕಾರದ ನೋಂದಣಿ ಬೇಕಾದ ವೃತ್ತಿಯಾಯಿತು. 2021ರಿಂದ ಹೊಸಬರಿಗೆ ಪದವಿ ಮಟ್ಟದ ಶಿಕ್ಷಣವೇ ಕನಿಷ್ಠ ಅರ್ಹತೆಯಾಗಿದೆ.

ಹೃದಯಕ್ಕಾಗಿ ಹುಟ್ಟಿದ ಕಸುಬು ಸಹಜವಾಗಿ ಗಡಿಯಾರವನ್ನು ದೇವರ ಹಾಗೆ ನೋಡಿತು. ಜೀವಕ್ಕೆ ಅಪಾಯವಿರುವ ಕರೆಗಳಲ್ಲಿ ನೂರಕ್ಕೆ 75ಕ್ಕೆ 8 ನಿಮಿಷದೊಳಗೆ ತಲುಪಬೇಕು ಎಂಬ ಗುರಿ ಇಂಗ್ಲೆಂಡಿನಲ್ಲಿ ಬಹುಕಾಲ ಇತ್ತು. 2017ರಲ್ಲಿ ಆ ಲೆಕ್ಕ ಬದಲಾಯಿತು. ಈಗ ಅತಿ ತುರ್ತಿನ ಕರೆಗಳಿಗೆ ಸರಾಸರಿ 7 ನಿಮಿಷ. ಎರಡೂ ಲೆಕ್ಕಗಳಲ್ಲಿ ಒಂದು ಸಮಾನ ಅಂಶವಿದೆ. ಗಾಡಿ ಬಾಗಿಲಿಗೆ ಬಂದು ನಿಂತೊಡನೆ ಗಡಿಯಾರವೂ ನಿಲ್ಲುತ್ತದೆ. ಒಳಗೆ ಹೋದ ಮೇಲೆ ಎಷ್ಟು ನಿಧಾನವಾಗಿ ಮಾತಾಡಿದಿರಿ ಎಂಬುದನ್ನು ಆ ಗಡಿಯಾರ ಅಳೆಯುವುದಿಲ್ಲ.

ಈ ನಡುವೆ ಆಂಬುಲೆನ್ಸಿಗೆ ಕರೆ ಮಾಡುವವರು ಬದಲಾಗಿದ್ದರು. ಜನ ಹೆಚ್ಚು ಕಾಲ ಬದುಕತೊಡಗಿದ್ದರು. ಬಚ್ಚಲಲ್ಲಿ ಜಾರಿ ಬಿದ್ದವರು, ಎರಡು ದಿನದಿಂದ ಊಟ ಬಿಟ್ಟವರು, ರಾತ್ರಿ ಇದ್ದಕ್ಕಿದ್ದಂತೆ ಕೂಗಾಡತೊಡಗಿದವರು, ಹೀಗೆ ವಯಸ್ಸಾದವರ ಕರೆಗಳು ಏರಿದವು. ಬ್ರಿಟನ್ನಿನ ಆಲ್ಝೈಮರ್ಸ್ ಸೊಸೈಟಿ 2009ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಸಾಮಾನ್ಯ ಆಸ್ಪತ್ರೆಗಳ ಹಾಸಿಗೆಗಳಲ್ಲಿ ಕಾಲು ಭಾಗದವರೆಗೆ ಡಿಮೆನ್ಶಿಯಾ ಇರುವವರೇ ಇದ್ದರು. ಅವರಲ್ಲಿ ಬಹಳಷ್ಟು ಜನ ಅಲ್ಲಿಗೆ ಬಂದದ್ದು ಆಂಬುಲೆನ್ಸಿನಲ್ಲಿ.

ಯಾವಾಗಲೂ 14

1974ರಲ್ಲಿ ಗ್ಲಾಸ್ಗೋ ನಗರದ ಇಬ್ಬರು ನರಶಸ್ತ್ರ ತಜ್ಞರು, ಗ್ರಹಾಂ ಟೀಸ್‌ಡೇಲ್ ಮತ್ತು ಬ್ರಯನ್ ಜೆನೆಟ್, ಪ್ರಜ್ಞೆಯನ್ನು ಅಳೆಯುವ ಒಂದು ಸರಳ ಕ್ರಮವನ್ನು ಪ್ರಕಟಿಸಿದರು. ಕಣ್ಣು ತೆರೆಯುತ್ತಾರೆಯೇ, ಮಾತು ಹೇಗಿದೆ, ಕೈಕಾಲು ಹೇಗೆ ಆಡಿಸುತ್ತಾರೆ ಎಂದು ನೋಡಿ ಅಂಕ ಕೊಡಬೇಕು. ಈಗ ಬಳಕೆಯಲ್ಲಿರುವ ರೂಪದಲ್ಲಿ ಪೂರ್ತಿ ಅಂಕ 15. ಹೆಸರು, ಜಾಗ, ಕಾಲ ಸರಿಯಾಗಿ ಹೇಳದೆ ಗೊಂದಲದ ಉತ್ತರ ಕೊಟ್ಟರೆ ಒಂದು ಅಂಕ ಕಡಿಮೆ. ಅಪಘಾತದಲ್ಲಿ ಗಾಯಗೊಂಡ ತರುಣನಿಗೆ 15 ಇದ್ದದ್ದು 14ಕ್ಕೆ ಇಳಿದರೆ ಎಚ್ಚರವಾಗಬೇಕು. ಮರೆವಿನ ಕಾಯಿಲೆಯ ಅಜ್ಜನಿಗೆ ಎಂದೂ 14. ಅವರಿಗೆ ನಿಜವಾಗಿ ಏನಾದರೂ ಆದ ದಿನವೂ 14 ಇರಬಹುದು.

ಇಲ್ಲಿ ಎರಡು ಬಗೆಯ ತಪ್ಪಿಗೆ ದಾರಿಯಿದೆ. ಮೊದಲನೆಯದು, ಹಳೆಯ ಗೊಂದಲವನ್ನು ಹೊಸದೆಂದು ತಿಳಿದು ಮನೆಯಲ್ಲೇ ಇರಬಹುದಾಗಿದ್ದವರನ್ನು ಆಸ್ಪತ್ರೆಗೆ ಒಯ್ಯುವುದು. ಗೊತ್ತಿಲ್ಲದ ಜಾಗ, ರಾತ್ರಿಯಿಡೀ ಉರಿಯುವ ದೀಪ, ಗಂಟೆಗೊಂದು ಹೊಸ ಮುಖ, ಇವೆಲ್ಲ ಅವರ ಸ್ಥಿತಿಯನ್ನು ಇನ್ನಷ್ಟು ಕೆಡಿಸುತ್ತವೆ. ಎರಡನೆಯದು ಇನ್ನೂ ಅಪಾಯದ್ದು. ಹೊಸ ಗೊಂದಲವನ್ನು ಹಳೆಯದೆಂದು ತಳ್ಳಿಹಾಕುವುದು. ಮೂತ್ರದ ಸೋಂಕು, ನ್ಯುಮೋನಿಯಾ, ನೀರಿನ ಕೊರತೆ, ಮಲಬದ್ಧತೆ, ಹೊಸ ಮಾತ್ರೆ, ಇವುಗಳಲ್ಲಿ ಯಾವುದಾದರೂ ಒಂದು ಸಾಕು, ವಯಸ್ಸಾದವರ ಮನಸ್ಸು ಒಂದೇ ದಿನದಲ್ಲಿ ಕದಡಿಹೋಗಲು. ವೈದ್ಯರು ಇದನ್ನು ಡೆಲಿರಿಯಂ ಎನ್ನುತ್ತಾರೆ. ಡಿಮೆನ್ಶಿಯಾ ವರ್ಷಗಟ್ಟಲೆ ಬರುವಂಥದ್ದು, ಡೆಲಿರಿಯಂ ಗಂಟೆಗಳಲ್ಲಿ ಅಥವಾ ದಿನಗಳಲ್ಲಿ ಬರುವಂಥದ್ದು. ಎರಡನೆಯದಕ್ಕೆ ಕಾರಣ ಹುಡುಕಿದರೆ ಬಹಳ ಸಲ ಚಿಕಿತ್ಸೆ ಇದೆ. ಹುಡುಕದಿದ್ದರೆ ಸಾವೂ ಇದೆ.

ಪ್ರಶ್ನೆಗಳ ಇತಿಹಾಸ ನಿಧಾನವಾಗಿ ಈ ಕಡೆಗೆ ತಿರುಗಿತು. 1972ರಲ್ಲಿ ಹೆನ್ರಿ ಹಾಡ್‌ಕಿನ್ಸನ್ ವೃದ್ಧರಿಗಾಗಿ ಹತ್ತು ಪ್ರಶ್ನೆಗಳ ಪರೀಕ್ಷೆಯೊಂದನ್ನು ರೂಪಿಸಿದ್ದರು. ವಯಸ್ಸು, ಇಸವಿ, ಮೊದಲ ಮಹಾಯುದ್ಧ ನಡೆದ ವರ್ಷ, ರಾಣಿಯ ಹೆಸರು ಎಲ್ಲವೂ ಅದರಲ್ಲಿದ್ದವು. ಸುಮಾರು ನಲವತ್ತು ವರ್ಷಗಳ ನಂತರ ಎಡಿನ್‌ಬರೋದಲ್ಲಿ ರೂಪುಗೊಂಡ 4ಎಟಿ ಎಂಬ ಪರೀಕ್ಷೆ ಆ ಹತ್ತರಲ್ಲಿ ನಾಲ್ಕನ್ನಷ್ಟೇ ಉಳಿಸಿಕೊಂಡಿತು. ಎಚ್ಚರ ಹೇಗಿದೆ, ತಿಂಗಳುಗಳನ್ನು ಹಿಂದಿನಿಂದ ಹೇಳಬಲ್ಲರೇ ಎಂಬುದನ್ನು ಸೇರಿಸಿತು. ಕೊನೆಗೆ, ಇತ್ತೀಚೆಗೆ ಇದ್ದಕ್ಕಿದ್ದಂತೆ ಬದಲಾವಣೆ ಆಗಿದೆಯೇ ಎಂಬ ಒಂದೇ ಅಂಶಕ್ಕೆ 4 ಅಂಕ ಕೊಟ್ಟಿತು. ಒಟ್ಟು 4 ಅಂಕ ಬಂದರೆ ಡೆಲಿರಿಯಂ ಶಂಕೆ. ಅಂದರೆ ಉಳಿದ ಯಾವ ಉತ್ತರ ಹೇಗೇ ಇರಲಿ, ಬದಲಾವಣೆಯ ಸುದ್ದಿಯೊಂದೇ ಸಾಕು. ಆ ಸುದ್ದಿಯನ್ನು ಹೇಳಬಲ್ಲವರು ರೋಗಿಯಲ್ಲ. ಜೊತೆಗೆ ಬದುಕುವ ಗಂಡ, ಹೆಂಡತಿ, ಮಗಳು, ಸೊಸೆ, ಮನೆಗೆಲಸದವರು. ಅವರನ್ನು ಪಕ್ಕಕ್ಕೆ ಕರೆದು ಕೇಳಬೇಕಾದದ್ದು ಒಂದೇ ಮಾತು: ನಿನ್ನೆ ಹೇಗಿದ್ದರು?

ಹೇಳಲಾಗದ ನೋವು

ಇನ್ನೊಂದು ಪ್ರಶ್ನೆಯೂ ಇದೇ ರೀತಿ ಸೋಲುತ್ತದೆ. ನೋವು ಎಷ್ಟಿದೆ, ಸೊನ್ನೆಯಿಂದ ಹತ್ತರೊಳಗೆ ಹೇಳಿ ಎನ್ನುವುದು ತುರ್ತು ಚಿಕಿತ್ಸೆಯ ದಿನನಿತ್ಯದ ಮಾತು. ಉತ್ತರದ ಮೇಲೆ ಔಷಧಿ ನಿಂತಿದೆ. ಉತ್ತರ ಬರದಿದ್ದರೆ?

ನ್ಯೂಯಾರ್ಕ್‌ನಲ್ಲಿ ಸೊಂಟದ ಮೂಳೆ ಮುರಿದು ಆಸ್ಪತ್ರೆ ಸೇರಿದ ವೃದ್ಧರ ಮೇಲೆ ನಡೆದ ಅಧ್ಯಯನವೊಂದು 2000ದಲ್ಲಿ ಪ್ರಕಟವಾಯಿತು. ಮೂಳೆ ಮುರಿತ ಎಲ್ಲರಿಗೂ ಒಂದೇ. ಆದರೆ ಡಿಮೆನ್ಶಿಯಾ ತೀವ್ರವಾಗಿದ್ದವರಿಗೆ ಸಿಕ್ಕ ಮಾರ್ಫಿನ್ ಬಗೆಯ ನೋವು ನಿವಾರಕ, ಮನಸ್ಸು ಚೆನ್ನಾಗಿದ್ದವರಿಗೆ ಸಿಕ್ಕಿದ್ದರ ಮೂರನೇ ಒಂದು ಭಾಗದಷ್ಟು ಮಾತ್ರ. ಯಾರೂ ಬೇಕೆಂದು ಹಿಂಸೆ ಕೊಟ್ಟಿರಲಿಲ್ಲ. ಕೇಳಿದವರಿಗೆ ಕೊಟ್ಟರು, ಕೇಳಲಾರದವರಿಗೆ ಕೊಡಲಿಲ್ಲ.

2004ರಲ್ಲಿ ಆಸ್ಟ್ರೇಲಿಯಾದ ಜೆನಿಫರ್ ಆಬಿ ಮತ್ತು ಸಂಗಡಿಗರು ಮಾತಿನ ಅಗತ್ಯವೇ ಇಲ್ಲದ ಒಂದು ಅಳತೆಯನ್ನು ಪ್ರಕಟಿಸಿದರು. ನರಳುತ್ತಿದ್ದಾರೆಯೇ, ಮುಖ ಕಿವುಚಿದೆಯೇ, ಮೈ ಹೇಗೆ ಹಿಡಿದುಕೊಂಡಿದ್ದಾರೆ, ನಡವಳಿಕೆ ಬದಲಾಗಿದೆಯೇ, ನಾಡಿ ಮತ್ತು ಉಸಿರು ಹೇಗಿವೆ, ಮೈಮೇಲೆ ಗಾಯ ಅಥವಾ ಹಳೆಯ ನೋವಿನ ಕಾರಣ ಇದೆಯೇ ಎಂಬ ಆರು ಅಂಶಗಳಿಗೆ ನೋಡುವವರೇ ಅಂಕ ಕೊಡಬೇಕು. ವೃದ್ಧಾಶ್ರಮಗಳಿಗೆಂದು ಮಾಡಿದ ಈ ಅಳತೆ ಬ್ರಿಟನ್ನಿನ ಆಂಬುಲೆನ್ಸ್ ಸಿಬ್ಬಂದಿಯ ಕೈಗೂ ಬಂತು. ಇಲ್ಲಿಯೂ ಅದೇ ತೊಡಕು. ನಡವಳಿಕೆ ಬದಲಾಗಿದೆಯೇ ಎಂದು ಹೇಳಲು ಮೊದಲಿನ ನಡವಳಿಕೆ ಗೊತ್ತಿರಬೇಕು. ಮುಟ್ಟಿದರೆ ಕೈ ತಳ್ಳುವ ಅಜ್ಜಿ ಸಿಟ್ಟಿನವರೋ, ಅಥವಾ ಅವರ ತೋಳು ಮುರಿದಿದೆಯೋ?

ಮೀರಿ ನಡೆಯುವುದು

ಉತ್ತರ ಇಂಗ್ಲೆಂಡಿನ ಬ್ರ್ಯಾಡ್‌ಫರ್ಡ್ ವಿಶ್ವವಿದ್ಯಾಲಯದಲ್ಲಿದ್ದ ಟಾಮ್ ಕಿಟ್‌ವುಡ್ ವೈದ್ಯರಲ್ಲ, ಮನಶ್ಶಾಸ್ತ್ರಜ್ಞ. 1980ರ ದಶಕದಿಂದ ಅವರು ಡಿಮೆನ್ಶಿಯಾ ಇರುವವರ ಜೊತೆ ಗಂಟೆಗಟ್ಟಲೆ ಕುಳಿತು, ಸುತ್ತಲಿನವರು ಅವರೊಡನೆ ಹೇಗೆ ನಡೆದುಕೊಳ್ಳುತ್ತಾರೆ ಎಂದು ಗಮನಿಸಿದರು. ಮೆದುಳಿಗೆ ಆದ ಹಾನಿ ಒಂದು ಕಡೆ. ಸುತ್ತಲಿನವರ ನಡವಳಿಕೆಯಿಂದ ಆಗುವ ಹಾನಿ ಇನ್ನೊಂದು ಕಡೆ. ಒಳ್ಳೆಯ ಮನಸ್ಸಿನವರೂ ಮನುಷ್ಯನನ್ನು ಮನುಷ್ಯನೆಂದು ಕಾಣದೆ ಮಾಡುವ ಸಣ್ಣಪುಟ್ಟ ಕೆಲಸಗಳನ್ನು ಅವರು ಪಟ್ಟಿ ಮಾಡಿದರು. 1997ರಲ್ಲಿ ಬಂದ ಅವರ ಪುಸ್ತಕದಲ್ಲಿ ಆ ಪಟ್ಟಿ 17 ಅಂಶಗಳಿಗೆ ಬೆಳೆದಿತ್ತು. ಸುಳ್ಳು ಹೇಳಿ ಒಪ್ಪಿಸುವುದು, ಮಗುವಿನಂತೆ ನಡೆಸಿಕೊಳ್ಳುವುದು, ಹೆದರಿಸುವುದು, ಎದುರಿಗೇ ಇದ್ದರೂ ಇಲ್ಲದವರಂತೆ ಅವರ ಬಗ್ಗೆ ಮಾತಾಡುವುದು.

ಆ ಪಟ್ಟಿಯಲ್ಲಿ ಒಂದು ಅಂಶವಿದೆ. ಕನ್ನಡದಲ್ಲಿ ಅದನ್ನು ಮೀರಿ ನಡೆಯುವುದು ಎನ್ನಬಹುದು. ಎದುರಿನವರು ಗ್ರಹಿಸಬಲ್ಲ ವೇಗಕ್ಕಿಂತ ಹೆಚ್ಚು ವೇಗದಲ್ಲಿ ಮಾತಾಡುವುದು, ಆಯ್ಕೆ ಮುಂದಿಡುವುದು, ಕೈ ಹಿಡಿದು ಎಬ್ಬಿಸುವುದು. ಕಿಟ್‌ವುಡ್ ಬರೆದದ್ದು ಆರೈಕೆ ಮನೆಗಳ ಬಗ್ಗೆ. ಆದರೆ ಈ ವಿವರಣೆಯನ್ನು ಆಂಬುಲೆನ್ಸ್ ಸಿಬ್ಬಂದಿ ಓದಿದರೆ ಅದು ತಮ್ಮ ಕಸುಬಿನ ಹೆಗ್ಗಳಿಕೆಯ ಬಣ್ಣನೆಯಂತೆ ಕಾಣುತ್ತದೆ. ಬೇಗ ಹೋಗು, ಬೇಗ ನೋಡು, ಬೇಗ ನಿರ್ಧರಿಸು, ಬೇಗ ಎತ್ತು. ಹೃದಯ ನಿಂತವನನ್ನು ಉಳಿಸುವ ಗುಣವೇ ಇಲ್ಲಿ ಪೆಟ್ಟು ಕೊಡುತ್ತದೆ.

ಮರೆವಿನ ಕಾಯಿಲೆಯವರ ಕಡೆಯಿಂದ ಅದೇ ದೃಶ್ಯವನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಸಮವಸ್ತ್ರದ ಇಬ್ಬರು ಅಪರಿಚಿತರು ಮಲಗುವ ಕೋಣೆಗೇ ನುಗ್ಗಿದ್ದಾರೆ. ಇಬ್ಬರೂ ಒಟ್ಟಿಗೆ ಮಾತಾಡುತ್ತಿದ್ದಾರೆ. ಒಬ್ಬ ಕಣ್ಣಿಗೆ ಟಾರ್ಚ್ ಹಿಡಿದ. ಇನ್ನೊಬ್ಬ ತೋಳಿಗೆ ಏನೋ ಸುತ್ತಿದ, ಅದು ತನ್ನಷ್ಟಕ್ಕೆ ಬಿಗಿಯುತ್ತಿದೆ. ರಕ್ತದೊತ್ತಡದ ಪಟ್ಟಿ ಎಂದು ಗೊತ್ತಿಲ್ಲದವರಿಗೆ ಅದು ಯಾರೋ ಕೈ ಹಿಸುಕಿದ ಹಾಗೆಯೇ. ತಳ್ಳುತ್ತಾರೆ, ಕೂಗುತ್ತಾರೆ. ಕಾಗದದ ಮೇಲೆ ಅದು ಸಹಕರಿಸುತ್ತಿಲ್ಲ ಎಂದು ಬೀಳುತ್ತದೆ.

ಇವತ್ತು ಕಲಿಸುವ ಪಾಠಗಳು ಹೊರನೋಟಕ್ಕೆ ತೀರಾ ಸಣ್ಣವು. ಒಬ್ಬರೇ ಮಾತಾಡಿ, ಇನ್ನೊಬ್ಬರು ಹಿಂದೆ ನಿಲ್ಲಿ. ಟಿವಿ ಆರಿಸಿ. ನಿಂತು ಬಗ್ಗಿ ನೋಡಬೇಡಿ, ಕಣ್ಣಿಗೆ ಕಣ್ಣು ಸೇರುವಂತೆ ಕೆಳಗೆ ಕುಳಿತುಕೊಳ್ಳಿ. ಹೆಸರು ಹೇಳಿ, ಬೇಕಾದರೆ ಐದು ಸಲ ಹೇಳಿ. ಒಂದು ಸಲಕ್ಕೆ ಒಂದೇ ಪ್ರಶ್ನೆ, ಆಮೇಲೆ ಸುಮ್ಮನೆ ಕಾಯಿರಿ. ಪಟ್ಟಿ ಕಟ್ಟುವ ಮೊದಲು ಅದು ಬಿಗಿಯುತ್ತದೆ ಎಂದು ತಿಳಿಸಿ, ನಿಮ್ಮ ತೋಳಿಗೇ ಸುತ್ತಿ ತೋರಿಸಿ. ಕರೆದೊಯ್ಯುವಾಗ ಕನ್ನಡಕ, ಕಿವಿಯ ಮೆಷಿನ್, ಹಲ್ಲಿನ ಸೆಟ್ ಮರೆಯಬೇಡಿ. ಮನೆಯವರಲ್ಲಿ ಒಬ್ಬರನ್ನು ಜೊತೆಗೆ ಕೂರಿಸಿಕೊಳ್ಳಿ. ಇವುಗಳಲ್ಲಿ ಯಾವುದಕ್ಕೂ ದುಬಾರಿ ಉಪಕರಣ ಬೇಕಿಲ್ಲ. ಬೇಕಾದದ್ದು ಹತ್ತು ನಿಮಿಷ.

ಕಾನೂನೂ ಇದೇ ದಿಕ್ಕಿನಲ್ಲಿ ತಳ್ಳಿತು. ಇಂಗ್ಲೆಂಡ್ ಮತ್ತು ವೇಲ್ಸ್‌ನ 2005ರ ಮಾನಸಿಕ ಸಾಮರ್ಥ್ಯ ಕಾಯಿದೆ 2007ರಲ್ಲಿ ಜಾರಿಗೆ ಬಂತು. ಪ್ರತಿಯೊಬ್ಬ ವಯಸ್ಕನಿಗೂ ನಿರ್ಧಾರ ಮಾಡುವ ಸಾಮರ್ಥ್ಯ ಇದೆ ಎಂದೇ ಶುರು ಮಾಡಬೇಕು ಎನ್ನುತ್ತದೆ ಆ ಕಾಯಿದೆ. ಇಲ್ಲ ಎಂದು ತೋರಿಸುವ ಹೊಣೆ ಹಾಗೆ ಹೇಳುವವರದು. ಅದರಲ್ಲಿ ಮರೆವಿನ ಬಗ್ಗೆಯೇ ಒಂದು ಮಾತಿದೆ. ಹೇಳಿದ್ದು ಸ್ವಲ್ಪ ಹೊತ್ತು ಮಾತ್ರ ನೆನಪಿನಲ್ಲಿ ಉಳಿಯುತ್ತದೆ ಎಂಬ ಕಾರಣಕ್ಕೆ ನಿರ್ಧಾರದ ಹಕ್ಕು ಹೋಗುವುದಿಲ್ಲ. ಆಸ್ಪತ್ರೆ ಬೇಡ ಎಂದ ಅಜ್ಜಿಗೆ ಒಂದು ಗಂಟೆಯ ನಂತರ ಆ ಮಾತು ಮರೆತುಹೋಗಬಹುದು. ಹೇಳಿದ ಹೊತ್ತಿನಲ್ಲಿ ವಿಷಯ ತಿಳಿದು, ತೂಗಿ ನೋಡಿ ಹೇಳಿದ್ದರೆ ಅದು ಅವರ ನಿರ್ಧಾರವೇ. ಅವರಿಗೆ ತಿಳಿಯುವಂತೆ ವಿವರಿಸಲು ಬೇಕಾದ ಸಹಾಯವನ್ನೆಲ್ಲ ಮೊದಲು ಮಾಡಿರಬೇಕು. ಆಗಲೂ ಬೇಕಾದದ್ದು ಸಮಯವೇ.

ಏನೂ ಆಗದ ದಿನ ಹೋಗುವುದು

ಇದನ್ನೆಲ್ಲ ತರಗತಿಯಲ್ಲಿ ಹೇಳಬಹುದು, ಪರೀಕ್ಷೆಯಲ್ಲಿ ಬರೆಸಬಹುದು. ಆದರೆ ಇಪ್ಪತ್ತರ ಹರೆಯದ ವಿದ್ಯಾರ್ಥಿ ಡಿಮೆನ್ಶಿಯಾ ಇರುವವರನ್ನು ಭೇಟಿಯಾಗುವುದು ಅವರ ಬದುಕಿನ ಕೆಟ್ಟ ದಿನಗಳಲ್ಲೇ. ಬಿದ್ದ ದಿನ, ಜ್ವರ ಏರಿದ ದಿನ, ಮನೆಯವರು ಸೋತು ಫೋನ್ ಮಾಡಿದ ದಿನ. ಉಳಿದ ಮುನ್ನೂರು ದಿನ ಅದೇ ಮನುಷ್ಯ ಗಿಡಕ್ಕೆ ನೀರು ಹಾಕುತ್ತಾರೆ, ಹಳೆಯ ಹಾಡು ಗುನುಗುತ್ತಾರೆ, ಮೊಮ್ಮಗಳನ್ನು ರೇಗಿಸುತ್ತಾರೆ. ಆ ದಿನಗಳನ್ನು ಕಾಣದವರಿಗೆ ಕಾಯಿಲೆಯೇ ಮನುಷ್ಯ ಎನಿಸುವುದರಲ್ಲಿ ಆಶ್ಚರ್ಯವಿಲ್ಲ.

ಈ ಕೊರತೆಯನ್ನು ತುಂಬುವ ಪ್ರಯತ್ನ 2014ರಲ್ಲಿ ಮತ್ತೆ ಅದೇ ಬ್ರೈಟನ್ ಸೀಮೆಯಲ್ಲಿ ಶುರುವಾಯಿತು. ಮುಂದಾಳು ಮನೋವೈದ್ಯ ಸುಬೇ ಬ್ಯಾನರ್ಜಿ. 2009ರ ಇಂಗ್ಲೆಂಡಿನ ರಾಷ್ಟ್ರೀಯ ಡಿಮೆನ್ಶಿಯಾ ನೀತಿಯನ್ನು ರೂಪಿಸಿದವರಲ್ಲಿ ಅವರೊಬ್ಬರು. ಅದೇ ವರ್ಷ ಸರ್ಕಾರಕ್ಕೆ ಅವರು ಕೊಟ್ಟ ವರದಿ ಒಂದು ಕಹಿ ಲೆಕ್ಕವನ್ನು ಮುಂದಿಟ್ಟಿತ್ತು. ಡಿಮೆನ್ಶಿಯಾ ಇರುವ ಸುಮಾರು 1,80,000 ಜನರಿಗೆ ವರ್ಷವೂ ಮನೋರೋಗದ ಔಷಧಿ ಕೊಡಲಾಗುತ್ತಿದೆ. ಅದರಿಂದ ಸ್ವಲ್ಪ ಉಪಯೋಗವಾಗುವುದು 36,000 ಜನರಿಗೆ. ಹೆಚ್ಚುವರಿ ಸಾವು ಸುಮಾರು 1,800. ಕೂಗುವವರನ್ನು, ಅಲೆದಾಡುವವರನ್ನು ಏಕೆ ಎಂದು ಕೇಳದೆ ಮಾತ್ರೆ ಕೊಟ್ಟು ಸುಮ್ಮನಾಗಿಸುವ ಅಭ್ಯಾಸಕ್ಕೆ ತೆರುತ್ತಿದ್ದ ಬೆಲೆ ಅದು.

ಬ್ರೈಟನ್ ಮತ್ತು ಸಸೆಕ್ಸ್ ವೈದ್ಯಕೀಯ ಕಾಲೇಜು ಹಾಗೂ ಸರ್ರೆ ವಿಶ್ವವಿದ್ಯಾಲಯ ಸೇರಿ ನಡೆಸಿದ ಈ ಕಾರ್ಯಕ್ರಮದ ಹೆಸರು ಟೈಮ್ ಫಾರ್ ಡಿಮೆನ್ಶಿಯಾ. ವೈದ್ಯಕೀಯ, ನರ್ಸಿಂಗ್ ಮತ್ತು ಪ್ಯಾರಾಮೆಡಿಕ್ ವಿದ್ಯಾರ್ಥಿಗಳು ಇಬ್ಬಿಬ್ಬರಾಗಿ, ಡಿಮೆನ್ಶಿಯಾ ಇರುವ ಒಬ್ಬರ ಮನೆಗೆ ಹೋಗುತ್ತಾರೆ. ವರ್ಷಕ್ಕೆ ಮೂರು ಸಲ, ಪ್ರತಿ ಸಲ ಸುಮಾರು ಎರಡು ಗಂಟೆ, ಎರಡು ವರ್ಷ. ಒಂದೇ ಮನೆ, ಅದೇ ಮನುಷ್ಯರು. ಅಲ್ಲಿ ಚಿಕಿತ್ಸೆ ಕೊಡುವಂತಿಲ್ಲ, ತುರ್ತು ಇರುವುದಿಲ್ಲ. ಕುಳಿತು ಮಾತಾಡಬೇಕು, ಕೇಳಿಸಿಕೊಳ್ಳಬೇಕು. ಕಾಯಿಲೆ ಇದೆ ಎಂದು ತಿಳಿದ ದಿನ ಏನಾಯಿತು, ಯಾವ ಸ್ನೇಹಿತರು ಬರುವುದು ಬಿಟ್ಟರು, ಹೆಂಡತಿ ರಾತ್ರಿ ಎಷ್ಟು ಸಲ ಏಳುತ್ತಾರೆ, ಆಸ್ಪತ್ರೆಗೆ ಹೋದಾಗ ಯಾರು ಹೇಗೆ ಮಾತಾಡಿದರು ಎಂಬುದನ್ನೆಲ್ಲ ಆ ಮನೆಯವರೇ ಹೇಳುತ್ತಾರೆ.

ಇದಕ್ಕೊಂದು ಹಿಂದಿನ ಮಾದರಿ ಇತ್ತು. ಅಮೆರಿಕದ ಶಿಕಾಗೋ ಬಳಿಯ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯ 1990ರ ದಶಕದ ಕೊನೆಯಲ್ಲೇ ಮೊದಲ ವರ್ಷದ ವೈದ್ಯ ವಿದ್ಯಾರ್ಥಿಗಳಿಗೆ ಮರೆವಿನ ಕಾಯಿಲೆಯ ಒಬ್ಬೊಬ್ಬರನ್ನು ಸ್ನೇಹಿತರಾಗಿ ಜೋಡಿಸುತ್ತಿತ್ತು. ಬ್ರೈಟನ್ ಸೀಮೆಯ ಕಾರ್ಯಕ್ರಮ ಇದನ್ನು ಪಠ್ಯದ ಭಾಗವಾಗಿಸಿತು ಮತ್ತು ಆಂಬುಲೆನ್ಸಿನಲ್ಲಿ ಕೆಲಸ ಮಾಡಲಿರುವವರನ್ನೂ ಸೇರಿಸಿಕೊಂಡಿತು. ವಯಸ್ಸಾದವರಿಗೆ ಏನಾದರೂ ಆದಾಗ ಮೊದಲು ಬಾಗಿಲು ತಟ್ಟುವವರು ಅವರೇ ತಾನೆ?

ಕಾರ್ಯಕ್ರಮದಲ್ಲಿದ್ದ ವಿದ್ಯಾರ್ಥಿಗಳನ್ನು ಇಲ್ಲದವರೊಡನೆ ಹೋಲಿಸಿ ನೋಡಿದಾಗ ಡಿಮೆನ್ಶಿಯಾ ಬಗೆಗಿನ ಮನೋಭಾವ ಮತ್ತು ತಿಳಿವಳಿಕೆ ಎರಡೂ ಉತ್ತಮಗೊಂಡಿದ್ದವು. ಹತ್ತು ವರ್ಷಗಳ ನಂತರ, ರಾತ್ರಿ ಪಾಳಿಯ ಕೊನೆಯ ಕರೆಯಲ್ಲಿ, ಅವರು ಇದನ್ನು ಎಷ್ಟು ಉಳಿಸಿಕೊಂಡಿರುತ್ತಾರೆ ಎಂದು ಅಳೆಯುವುದು ಅಷ್ಟು ಸುಲಭವಲ್ಲ. ಆದರೂ ಈ ಪಾಠದ ಕ್ರಮದಲ್ಲೇ ಒಂದು ದೊಡ್ಡ ಬದಲಾವಣೆಯಿದೆ. ಅರ್ಧ ಶತಮಾನದ ಹಿಂದೆ ಬ್ರೈಟನ್ನಿನಲ್ಲಿ ಆಂಬುಲೆನ್ಸ್ ನೌಕರರಿಗೆ ಪಾಠ ಹೇಳಿದವರು ಹೃದ್ರೋಗ ತಜ್ಞರು. ಈಗ ಗುರುವಿನ ಜಾಗದಲ್ಲಿ ಕುಳಿತವರು ಮರೆವಿನ ಕಾಯಿಲೆಯವರು ಮತ್ತು ಅವರನ್ನು ನೋಡಿಕೊಳ್ಳುವವರು.

ಸನ್ನಿ ಮತ್ತು ಅರಳುಮರಳು

ನಮ್ಮ ದೇಶದಲ್ಲಿ 108 ಸೇವೆ ಶುರುವಾದದ್ದು 2005ರ ಆಗಸ್ಟ್ 15ರಂದು, ಹೈದರಾಬಾದಿನಲ್ಲಿ. ಕರ್ನಾಟಕಕ್ಕೆ ಅದು ಆರೋಗ್ಯ ಕವಚ ಎಂಬ ಹೆಸರಿನಲ್ಲಿ 2008ರ ನವೆಂಬರ್‌ನಲ್ಲಿ ಬಂತು. ಗಾಡಿಯಲ್ಲಿ ಇಬ್ಬರು. ಚಿಕಿತ್ಸೆ ನೋಡುವವರು ಇಎಂಟಿ, ಗಾಡಿ ಓಡಿಸುವವರು ಪೈಲಟ್. ಹೆರಿಗೆ, ರಸ್ತೆ ಅಪಘಾತ, ಎದೆನೋವು ಇವೇ ಅದರ ಮುಖ್ಯ ಕೆಲಸ, ಅದರಲ್ಲೂ ಹೆರಿಗೆಯ ಪಾಲು ದೊಡ್ಡದು. ಇಲ್ಲಿಯೂ ಆಂಬುಲೆನ್ಸ್ ಕಲಿತ ಮೊದಲ ಪಾಠ ವೇಗವೇ, ಅದು ಉಳಿಸಿದ ಜೀವಗಳು ಅಸಂಖ್ಯ. ಕನ್ನಡದಲ್ಲಿ ಪ್ಯಾರಾಮೆಡಿಕಲ್ ಎಂದರೆ ಲ್ಯಾಬ್ ಟೆಕ್ನಿಷಿಯನ್‌ನಿಂದ ಎಕ್ಸ್‌ರೇ ತೆಗೆಯುವವರವರೆಗೆ ಎಲ್ಲರೂ ಬರುತ್ತಾರೆ. ಪತ್ರಿಕೆಗಳ ಭಾಷೆಯಲ್ಲಿ ಇವರೆಲ್ಲ ಅರೆವೈದ್ಯಕೀಯ ಸಿಬ್ಬಂದಿ. ಆಂಬುಲೆನ್ಸಿನ ಪ್ಯಾರಾಮೆಡಿಕ್ ಕಸುಬನ್ನು ಹೆಸರಿಸಿ ವೃತ್ತಿಗಳ ಪಟ್ಟಿಗೆ ಸೇರಿಸಿದ್ದು 2021ರ ಕೇಂದ್ರ ಕಾಯಿದೆ.

2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದರ ಅಂದಾಜಿನಂತೆ ಭಾರತದಲ್ಲಿ ಅರವತ್ತು ದಾಟಿದವರಲ್ಲಿ ಶೇ. 7.4 ಜನರಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಶಿಯಾ ಇದೆ. ಬಹುತೇಕರು ಇರುವುದು ಮನೆಗಳಲ್ಲೇ. ಇವರ ಮನೆ ಬಾಗಿಲಿಗೂ ಆಂಬುಲೆನ್ಸ್ ಬರುತ್ತದೆ.

ಇಂಗ್ಲೆಂಡಿನಲ್ಲಿ ತರಗತಿಗಟ್ಟಲೆ ಕಲಿಸುವ ಒಂದು ವ್ಯತ್ಯಾಸಕ್ಕೆ ಕನ್ನಡದಲ್ಲಿ ಮೊದಲಿನಿಂದಲೂ ಬೇರೆ ಬೇರೆ ಮಾತುಗಳಿವೆ. ವಯಸ್ಸಾಗುತ್ತಾ ನಿಧಾನವಾಗಿ ಬರುವುದು ಅರಳುಮರಳು. ಜ್ವರದಲ್ಲಿ ಇದ್ದಕ್ಕಿದ್ದಂತೆ ಏನೇನೋ ಮಾತಾಡುವುದು ಸನ್ನಿ. ಅಜ್ಜಿಯರಿಗೆ ಈ ಎರಡರ ಅಂತರ ಗೊತ್ತಿತ್ತು. ಸನ್ನಿ ಎಂದರೆ ಓಡಿಹೋಗಿ ವೈದ್ಯರನ್ನು ಕರೆತರುತ್ತಿದ್ದರು. ಆದರೆ ಅರವತ್ತಕ್ಕೆ ಅರಳುಮರಳು ಎಂಬ ಗಾದೆ ಇನ್ನೊಂದು ಕೆಲಸವನ್ನೂ ಮಾಡಿತು. ವಯಸ್ಸಾದವರಿಗೆ ಏನೇ ಆದರೂ ಅದೇ ಕಾರಣ ಎಂದು ಸುಮ್ಮನಾಗಲು ಅನುವು ಮಾಡಿಕೊಟ್ಟಿತು. ಅರಳುಮರಳಿನವರಿಗೂ ಸನ್ನಿ ಬರಬಹುದು, ಅವರಿಗೇ ಹೆಚ್ಚಾಗಿ ಬರುತ್ತದೆ ಎಂಬುದು ಗಾದೆಯಲ್ಲಿ ಇಲ್ಲ.

ಪ್ರಶ್ನೆಗಳನ್ನೂ ಇಲ್ಲಿಗೆ ತಕ್ಕಂತೆ ತಿದ್ದಬೇಕಾಯಿತು. ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ಮೇರಿ ಗಂಗೂಲಿ ಮತ್ತು ಸಂಗಡಿಗರು ಅಮೆರಿಕದ ಪರೀಕ್ಷೆಯೊಂದನ್ನು ಹಿಂದಿಗೆ ತಂದು 1995ರಲ್ಲಿ ಪ್ರಕಟಿಸಿದರು. ಶಾಲೆಯ ಮುಖ ಕಾಣದ ವೃದ್ಧರಿಗೆ ಒಂದು ವಾಕ್ಯ ಬರೆಯಿರಿ ಎನ್ನುವುದರಲ್ಲಿ ಅರ್ಥವಿಲ್ಲ, ಬಾಯಲ್ಲೇ ಒಂದು ಮಾತು ಹೇಳಲು ಕೇಳಿದರು. ಇಸವಿ ಗೊತ್ತಿಲ್ಲದೆ ಬಾಳಿ ಬದುಕಿದವರನ್ನು ಇಸವಿ ಕೇಳಿ ಅಳೆಯುವಂತಿಲ್ಲ ಎಂಬ ಸರಳ ಅರಿವು ಅದರ ಹಿಂದಿತ್ತು.

ಕರ್ನಾಟಕದ ಹೊರಗಿರುವ ಕನ್ನಡದ ಮನೆಗಳಲ್ಲಿ ಇನ್ನೊಂದು ತೊಡಕಿದೆ. ಧಾರವಾಡದ ಕಡೆಯ ಒಬ್ಬ ಅಜ್ಜಿ ಪುಣೆಯಲ್ಲಿ ಮಗನ ಮನೆಯಲ್ಲಿದ್ದಾರೆ ಎಂದುಕೊಳ್ಳಿ. ಮೂವತ್ತು ವರ್ಷ ಮರಾಠಿ ಮಾತಾಡಿದವರು. ಮರೆವು ಬೆಳೆದಂತೆ ಆಮೇಲೆ ಕಲಿತ ಭಾಷೆ ಹಿಂದೆ ಸರಿದು ಮೊದಲ ಭಾಷೆ ಉಳಿದುಕೊಳ್ಳುವುದುಂಟು. ಆಂಬುಲೆನ್ಸಿನವರು ಮರಾಠಿಯಲ್ಲಿ ಕೇಳುತ್ತಾರೆ, ಹಿಂದಿಯಲ್ಲಿ ಕೇಳುತ್ತಾರೆ. ಅಜ್ಜಿ ಹೊಟ್ಟೆ ಹಿಡಿದುಕೊಂಡು ಬ್ಯಾನಿ, ಬ್ಯಾನಿ ಎನ್ನುತ್ತಾರೆ. ಕೇಳಿದವರಿಗೆ ಅದು ಅರ್ಥವಿಲ್ಲದ ಶಬ್ದ. ಗೊಂದಲದ ಮಾತು ಎಂದು ಬರೆದುಕೊಳ್ಳುತ್ತಾರೆ. ಅಜ್ಜಿ ಗೊಂದಲದಲ್ಲಿಲ್ಲ. ತಮ್ಮ ಊರಿನ ಕನ್ನಡದಲ್ಲಿ, ನೋವಿದೆ ಎಂದು ಸರಿಯಾಗಿಯೇ ಹೇಳುತ್ತಿದ್ದಾರೆ. ಮೈಸೂರಿನ ಸೊಸೆಗೂ ಆ ಮಾತು ತಕ್ಷಣ ಹೊಳೆಯದಿರಬಹುದು.

ಬ್ರಿಟನ್ನಿನ ಲಯನ್ಸ್ ಕ್ಲಬ್‌ಗಳು ಬಹಳ ವರ್ಷಗಳಿಂದ ಒಂದು ಪುಟ್ಟ ಪ್ಲಾಸ್ಟಿಕ್ ಡಬ್ಬಿಯನ್ನು ಹಂಚುತ್ತವೆ. ಕಾಯಿಲೆ, ಮಾತ್ರೆ, ಯಾರಿಗೆ ಫೋನ್ ಮಾಡಬೇಕು ಎಂಬ ವಿವರದ ಚೀಟಿಯನ್ನು ಅದರಲ್ಲಿಟ್ಟು ಫ್ರಿಜ್‌ನಲ್ಲಿ ಇಡಬೇಕು. ಎಲ್ಲರ ಮನೆಯಲ್ಲೂ ಫ್ರಿಜ್ ಇರುತ್ತದೆ, ಹುಡುಕಲು ಸುಲಭ. ಬಾಗಿಲಿನ ಮೇಲಿನ ಹಸಿರು ಗುರುತು ಕಂಡರೆ ಆಂಬುಲೆನ್ಸಿನವರು ಫ್ರಿಜ್ ತೆಗೆದು ನೋಡುತ್ತಾರೆ. 2010ರಲ್ಲಿ ಆಲ್ಝೈಮರ್ಸ್ ಸೊಸೈಟಿ ನರ್ಸುಗಳ ಸಂಘದ ಜೊತೆ ಸೇರಿ ಇನ್ನೊಂದು ಕಾಗದವನ್ನು ಹೊರತಂದಿತು. ಅದರಲ್ಲಿ ಕಾಯಿಲೆಗಿಂತ ಮನುಷ್ಯನ ವಿವರ ಹೆಚ್ಚು. ಯಾವ ಹೆಸರಿನಿಂದ ಕರೆದರೆ ಓಗೊಡುತ್ತಾರೆ, ಏನು ಕಂಡರೆ ಹೆದರುತ್ತಾರೆ, ಯಾವುದರಿಂದ ಸಮಾಧಾನವಾಗುತ್ತದೆ, ನೋವಾದಾಗ ಹೇಗೆ ತೋರಿಸುತ್ತಾರೆ.

ಇಂಥ ಒಂದು ಹಾಳೆಯನ್ನು ಯಾವ ಮನೆಯವರೂ ಒಂದು ಸಂಜೆಯಲ್ಲಿ ಬರೆದಿಡಬಹುದು. ಅಜ್ಜಿ ನೋವಿಗೆ ಬ್ಯಾನಿ ಎನ್ನುತ್ತಾರೆ ಎಂದು ಆ ಊರಿನ ಭಾಷೆಯಲ್ಲೂ ಬರೆಯಬಹುದು. ಅದು ಗಾಡಿಯಲ್ಲಿ ಬರುವವರ ತರಬೇತಿಗೆ ಬದಲಿಯಲ್ಲ. ಕೇಳಲು ಕಲಿತವರಿಗೆ ಮನೆಯಲ್ಲಿ ಉತ್ತರ ಸಿದ್ಧವಿರುತ್ತದೆ, ಅಷ್ಟೆ.

ಆಗುಸ್ಟ ಡೇಟರ್ ಆಸ್ಪತ್ರೆ ಸೇರುವ ಮೊದಲೂ ಆಕೆಯ ಗಂಡನಿಗೆ ಆಕೆಯಲ್ಲಿ ಆಗುತ್ತಿದ್ದ ಬದಲಾವಣೆ ಕಂಡಿತ್ತು. ಅಡುಗೆ ಕೆಡುತ್ತಿತ್ತು, ಸಾಮಾನುಗಳು ಎಲ್ಲೆಲ್ಲೋ ಸೇರುತ್ತಿದ್ದವು, ಇಲ್ಲದ ಅನುಮಾನಗಳು ಬರುತ್ತಿದ್ದವು. ಇದೆಲ್ಲ ಕಾಯಿಲೆಯ ಚರಿತ್ರೆಯೊಳಗೆ ಬಂದದ್ದು ಜೊತೆಗಿದ್ದವರು ಹೇಳಿದ್ದರಿಂದ. ಆಗುಸ್ಟ ತಮ್ಮ ಗಂಡನ ಹೆಸರನ್ನು ಮರೆತಿದ್ದರು. ಆದರೆ ಹಿಂದಿನ ವರ್ಷ ಅವರು ಹೇಗಿದ್ದರು ಎಂಬುದು ಆ ಗಂಡನಿಗೆ ಗೊತ್ತಿತ್ತು. ನೂರಿಪ್ಪತ್ತು ವರ್ಷಗಳ ಮೇಲೂ, ಬಾಗಿಲು ತಟ್ಟಿ ಒಳಗೆ ಬರುವವರಿಗೆ ಬೇಕಾಗಿರುವುದು ಆ ಮಾತೇ.